ವಿಧಿವತ್ತಾಗಿ ಹೂಳಲಾದ ಮೂಗು

ದಕ್ಷಿಣ ಶಾಂತಸಾಗರದ ಮುನ್ನೂರು ಚಿಲ್ಲರೆ ದ್ವೀಪಗಳಲ್ಲಿ, ಮುರಿದ ಮೂಗನ್ನು ಕತ್ತಿ ಕತ್ತರಿ ಸೋಕಿಸದೆ ನೇರ ಮಾಡುವ ವಿದ್ಯೆಯನ್ನು ಮೊಟ್ಟಮೊದಲು ಕಂಡುಹಿಡಿದವನು ನಾನು. ಈ ಮಾತು ಸುಳ್ಳು. ಈವರೆಗೆ ನಾನು ಯಾರ ಮೂಗನ್ನೂ ನೇರ ಮಾಡಿಲ್ಲ. ಎರಡು ಮುರಿದಿದ್ದೇನೆ, ಅದರಲ್ಲಿ ಒಂದು ನನ್ನದೇ. ನಾನು ವುನಿಮಾಕೊ ಸರ್ಕಾರಿ ಆಸ್ಪತ್ರೆಯ ಮೂಗು ವಿಭಾಗದ ಕಾರಿನ ಡ್ರೈವರು, ಹೆಸರು ಸಕರಾಯಾ. ಗುಮಾಸ್ತೆ ಹೆರಿಗೆ ರಜೆಯಲ್ಲಿರುವುದರಿಂದ ನಮೂನೆ ತುಂಬುವವನೂ ನಾನೇ. ಆಕೆಯ ಮಗು ಈಗ ಎರಡನೇ ಕ್ಲಾಸು.

ಒಂದು ಸುಳ್ಳನ್ನು ಒಪ್ಪಿಕೊಂಡೆನಲ್ಲ, ಇನ್ನು ಮುಂದಿನದೆಲ್ಲ ನಿಜ. ನಿನ್ನನ್ನು ಏಕವಚನದಲ್ಲಿ ಕರೆಯುತ್ತೇನೆ, ಬೇಸರಪಡಬೇಡ. ನಮ್ಮ ದ್ವೀಪದಲ್ಲಿ ಸೋದರತ್ತೆಯ ಮಗ, ಸೋದರಮಾವನ ಮಗ ಅಂದರೆ ಭಾವ. ಭಾವನನ್ನು ಬೈಯಬಹುದು, ಅವನ ತಟ್ಟೆಯ ಮೀನು ಎತ್ತಿಕೊಳ್ಳಬಹುದು, ಅವನ ಚಪ್ಪಲಿ ಮೆಟ್ಟಿಕೊಂಡು ಬೇರೆ ದ್ವೀಪಕ್ಕೇ ಹೋಗಿಬಿಡಬಹುದು. ಮರ್ಯಾದೆ ಮಾತ್ರ ಕೊಡುವಂತಿಲ್ಲ. ಬಹುವಚನ ಬಂದ ದಿನ ನಂಟು ಹರಿಯಿತು ಅಂತ ಲೆಕ್ಕ. ನಿನ್ನನ್ನು ನಾನು ಭಾವ ಅಂತಲೇ ಇಟ್ಟುಕೊಂಡಿದ್ದೇನೆ. ನಿಂಬೆ ಎಲೆಯ ಚಹಾ ಆರುವ ಮೊದಲು ಕೇಳು.

ಮನುಷ್ಯನ ಮೂಗಿನ ಮೂಳೆ, ಮುರಿದ ಹದಿನಾಲ್ಕು ದಿನಗಳೊಳಗೆ, ಆಗ ಹೇಗಿದೆಯೋ ಹಾಗೆಯೇ ಕೂಡಿಕೊಳ್ಳುತ್ತದೆ. ಮೊದಲ ನಾಲ್ಕೈದು ದಿನ ಊತದಿಂದಾಗಿ ಯಾವುದು ಮೂಗು ಯಾವುದು ಕೆನ್ನೆ ಎಂಬುದು ವೈದ್ಯರಿಗೂ ತಿಳಿಯುವುದಿಲ್ಲ. ಊತ ಇಳಿದ ಮೇಲೆ, ಮೂಳೆ ಕೂಡುವ ಮುಂಚೆ, ಬಲ್ಲವರು ಎರಡು ನಿಮಿಷದಲ್ಲಿ ಒತ್ತಿ ನೇರ ಮಾಡುತ್ತಾರೆ. ಹದಿನಾಲ್ಕು ದಿನ ದಾಟಿತೋ, ರಾಜಧಾನಿಗೆ ಹೋಗಿ ಉಳಿಯಿಂದ ಒಡೆಸಿಕೊಳ್ಳಬೇಕು. ಅಲ್ಲಿನ ಸರದಿ ಎರಡು ವರ್ಷ. ಇದು ವಿಜ್ಞಾನ. ನಮ್ಮ ಆಸ್ಪತ್ರೆಗೆ ಮೂಗಿನ ಶಸ್ತ್ರವೈದ್ಯರು ಎಂಟು ವಾರಕ್ಕೊಮ್ಮೆ ಹಡಗಿನಲ್ಲಿ ಬರುತ್ತಾರೆ. ಇದು ಆಡಳಿತ. ಇವೆರಡನ್ನೂ ಹೊಂದಿಸಲೆಂದು ನಮ್ಮ ಹೊರರೋಗಿ ಕಟ್ಟೆಯ ಗೋಡೆಗೆ ಒಂದು ಪ್ರಕಟಣೆ ಅಂಟಿಸಲಾಗಿದೆ:

"ಸಾರ್ವಜನಿಕರು ತಂತಮ್ಮ ಮೂಗುಗಳನ್ನು ಶಸ್ತ್ರವೈದ್ಯರ ಆಗಮನಕ್ಕೆ ಹತ್ತು ದಿನ ಮುಂಚಿನಿಂದ ಐದು ದಿನ ಮುಂಚಿನವರೆಗಿನ ಅವಧಿಯಲ್ಲಿ ಮಾತ್ರ ಮುರಿದುಕೊಳ್ಳತಕ್ಕದ್ದು. ಇತರ ದಿನಗಳಲ್ಲಿ ಮುರಿದ ಮೂಗುಗಳಿಗೆ ಆಸ್ಪತ್ರೆ ಹೊಣೆಯಲ್ಲ. ರಗ್ಬಿ ಸಂಘಗಳು ಸಹಕರಿಸಬೇಕಾಗಿ ವಿನಂತಿ."

ಸಂಘಗಳು ಸಹಕರಿಸಲಿಲ್ಲ. ಊರಿನಲ್ಲಿ ಮೂಗುಗಳು ಮನಸ್ಸು ಬಂದಾಗಲೆಲ್ಲ ಮುರಿದವು. ಹೀಗಾಗಿ ಮೂರು ವರ್ಷದಲ್ಲಿ ಮೂಗು ವಿಭಾಗ ನೇರ ಮಾಡಿದ ಮೂಗುಗಳ ಸಂಖ್ಯೆ ಸೊನ್ನೆ. ವಿಭಾಗಕ್ಕೆ ಒಂದು ಬೋರ್ಡು, ಹಿಂದಕ್ಕೆ ವಾಲುವ ಒಂದು ಕುರ್ಚಿ, ಒಂದು ಬಿಳಿ ಕಾರು ಇದ್ದವು. ಮೂಗಿಗಿಂತ ಮೂಗುತಿ ಭಾರ ಅನ್ನುತ್ತಾರಲ್ಲ, ಇಲ್ಲಿ ಮೂಗೇ ಇರಲಿಲ್ಲ. ಆಡಳಿತಾಧಿಕಾರಿ ಉನೈಸಿ ಮೇಡಂ ಅವರ ತಾಯಿಯನ್ನು ಚರ್ಚಿಗೂ, ತೋಟದ ಕೆಸುವಿನ ಗೆಡ್ಡೆಯನ್ನು ಸಂತೆಗೂ ನಾನು ಆ ಕಾರಿನಲ್ಲಿ ಒಯ್ಯುತ್ತಿದ್ದೆ. ಹೀಗೆ ಎಲ್ಲವೂ ಸುಸೂತ್ರವಾಗಿದ್ದಾಗ ರಾಜಧಾನಿಯಿಂದ ಕಾಗದ ಬಂತು: ವರ್ಷಾಂತ್ಯದೊಳಗೆ ಕನಿಷ್ಠ ಒಂದು ಮೂಗು ನೇರವಾದ ದಾಖಲೆ ಕಳಿಸದಿದ್ದರೆ ಕಾರನ್ನು ಹಿಂದಿರುಗಿಸತಕ್ಕದ್ದು.

ಮೇಡಂ ಊರಿನ ಮೂಗುಗಳನ್ನು ಆಸೆಯಿಂದ ನೋಡತೊಡಗಿದರು.

ಆಗ ಇಸಿಕೇಲಿಯ ಮೂಗು ಮುರಿಯಿತು.

ಇಸಿಕೇಲಿ ನಮ್ಮ ಬಂದರುಕಟ್ಟೆಯಲ್ಲಿ ಹಡಗಿನ ಹಗ್ಗ ಕಟ್ಟುವವನು, ಬಿಚ್ಚುವವನು. ಅವನು ಬಿಚ್ಚದೆ ಯಾವ ಹಡಗೂ ಹೊರಡುವುದಿಲ್ಲ. ಆದರೆ ಊರು ಅವನನ್ನು ಗುರುತಿಸುವುದು ಹಗ್ಗದಿಂದಲ್ಲ, ದನಿಯಿಂದ. ಚರ್ಚಿನ ಗಾಯನ ತಂಡದಲ್ಲಿ ಕೊನೆಯ ಬೆಂಚಿನ ಬಲತುದಿ ಅವನದು. ಕೀರ್ತನೆಯ ಕೊನೆಗೆ ಮಿಕ್ಕವರೆಲ್ಲ ಬಾಯಿ ಮುಚ್ಚಿದ ಮೇಲೆ ಅವನೊಬ್ಬನೇ 'ಆಮೆನ್' ಅನ್ನು ಎಂಟು ಎಣಿಕೆಯವರೆಗೆ ಹಿಡಿಯಬೇಕು, ಬೆಂಚು ನಡುಗಬೇಕು. ಅವನಪ್ಪ ಮೂವತ್ತೊಂದು ವರ್ಷ ಅದೇ ತುದಿಯಲ್ಲಿ ನಿಂತು ಅದೇ ಆಮೆನ್ ಹಿಡಿದಿದ್ದ, ಸಾಯುವ ಹಿಂದಿನ ಭಾನುವಾರವೂ. ಎರಡೂವರೆ ತಿಂಗಳು ಕಳೆದರೆ ದ್ವೀಪಗಳ ಗಾಯನ ಸ್ಪರ್ಧೆ.

ಅಂದು ಶನಿವಾರ, ನಲವತ್ತು ದಾಟಿದವರ ರಗ್ಬಿ ಪಂದ್ಯ, ಮೇಲ್ಕೇರಿಗೂ ಕೆಳಕೇರಿಗೂ. ಎದುರು ತಂಡದಲ್ಲಿ ಇಸಿಕೇಲಿಯ ಭಾವ ಪೆನಾಯಾ ಇದ್ದ. ದೋಣಿ ರಿಪೇರಿ ಮಾಡುವ ಆಳು, ದೋಣಿಯಷ್ಟೇ ಅಗಲ. ಕೋಳಿ ಕೊಯ್ದರೆ ಅಳುವವನು. ಚೆಂಡು ಹಿಡಿದು ತಿರುಗುವಾಗ ಅವನ ಎಡ ಮೊಣಕೈ ಇಸಿಕೇಲಿಯ ಮುಖಕ್ಕೆ ತಾಗಿತು.

"ಅಯ್ಯೋ ಭಾವ! ಮೂಗು ಎಲ್ಲೋಯ್ತೋ?" ಅಂದ ಪೆನಾಯಾ.

"ಎಡಗಡೆ ದೋಡು," ಅಂದ ಇಸಿಕೇಲಿ.

ಮೂಗು ಕಟ್ಟಿ ಅವನ ಬಾಯಲ್ಲಿ ಮ ಎಂಬುದು ಬ, ನ ಎಂಬುದು ದ, ಣ ಎಂಬುದು ಡ ಆಗಿಬಿಟ್ಟಿತ್ತು. ಆಸ್ಪತ್ರೆಯಲ್ಲಿ ಸಿಸ್ಟರ್ ಸಲೋತೆ ಹತ್ತಿ ತುರುಕಿ ರಕ್ತ ನಿಲ್ಲಿಸಿದರು. "ಅಳಬೇಡ. ಮೊದ್ಲು ಊತ ಇಳೀಲಿ. ನಾಡಿದ್ದಿನ ಸೋಮವಾರ ಬಿಟ್ಟು ಮುಂದಿನ ಸೋಮವಾರ ಡಾಕ್ಟ್ರು ಬರ್ತಾರೆ, ಒಂಬತ್ತನೇ ದಿನಕ್ಕೆ ಸರಿಯಾಗಿ. ಈ ಊರಲ್ಲಿ ಇಷ್ಟು ಶಿಸ್ತಾಗಿ ಮೂಗು ಮುರ್ಕೊಂಡವನು ನೀನೊಬ್ಬನೇ ಕಣೋ."

"ಆಬೆದ್," ಅಂದ ಇಸಿಕೇಲಿ. ತನ್ನ ಬಾಯಿಂದ ಬಂದದ್ದನ್ನು ಕೇಳಿ ಗಾಬರಿಯಾದ.

ಗಾಯನದ ಗುರು ಮೊಸೇಸೆ ಹೊರಗೆ ನಿಂತಿದ್ದ. "ಇನ್ನೊಂದ್ಸಲ ಅನ್ನು."

"ಆಬೆದ್."

"ದೇವ್ರಿಗೆ ಅರ್ಥ ಆಗತ್ತೆ ಇಸಿಕೇಲಿ," ಅಂದ ಮೊಸೇಸೆ ಯೋಚಿಸಿ, "ತೀರ್ಪುಗಾರರಿಗೆ ಆಗಲ್ಲ. ಸ್ಪರ್ಧೆ ಹೊತ್ತಿಗೆ ನೆಟ್ಟಗಾಗದಿದ್ರೆ ಆ ಜಾಗಕ್ಕೆ ಬ್ರೆಡ್ಡು ವ್ಯಾನಿನ ನೆಮಾನಿನ ನಿಲ್ಲಿಸ್ತೀನಿ."

ನೆಮಾನಿಯ ದನಿ ಹೇಗೆಂದರೆ, ಅವನ ವ್ಯಾನಿಗೆ ಹಾರ್ನ್ ಇಲ್ಲ, ಬೇಕಾಗಿಲ್ಲ. ಇಸಿಕೇಲಿ ಅಂದು ಊಟ ಮಾಡಲಿಲ್ಲ.

ಮರುದಿನ ಭಾನುವಾರ, ಪೂಜೆ ಮುಗಿದ ಮೇಲೆ, ಪೆನಾಯಾನ ಮನೆಯವರು ನಮ್ಮ ಪದ್ಧತಿಯಂತೆ ತಪ್ಪೊಪ್ಪಿಗೆಗೆ ಬಂದರು. ಚಾಪೆಯ ಮೇಲೆ ಕುಳಿತು, ಹೊಸೆದ ಹಗ್ಗ ಕಟ್ಟಿದ ತಿಮಿಂಗಿಲದ ಹಲ್ಲನ್ನು ಎರಡೂ ಕೈಯಲ್ಲಿ ಹಿಡಿದು ಒಪ್ಪಿಸಿದರು. ಇಸಿಕೇಲಿಯ ಕುಲದ ಹಿರಿಯ, ನೇತಾನಿ ಅಜ್ಜ, ಅದನ್ನು ತೆಗೆದುಕೊಂಡು ಮೂಸಿ, ಗಂಭೀರವಾಗಿ ಘೋಷಿಸಿದ: "ಹೂತಾಯ್ತು." ಈ ಶಾಸ್ತ್ರದ ಹೆಸರೇ ಹೂಳುವುದು. ಹೂತ ಮೇಲೆ ಆ ವಿಷಯ ಯಾರೂ ಎತ್ತುವಂತಿಲ್ಲ. ಎಲ್ಲರೂ ಅಂಗೈ ಬೊಗಸೆ ಮಾಡಿ ಮೂರು ಸಲ ತಟ್ಟಿದೆವು. ಊಟಕ್ಕೆ ನಾನೂ ಇದ್ದೆ. ನಾನಿಲ್ಲದ ಊಟ ಯಾವುದು?

ಸೋಮವಾರ ಇಸಿಕೇಲಿ ನನ್ನ ಮೇಜಿಗೆ ಬಂದ. ನಮೂನೆ ಹತ್ತೊಂಬತ್ತು, ಕಲಂ ಏಳು: ಪ್ರಕರಣದ ಸದ್ಯದ ಸ್ಥಿತಿ. ಪೊಲೀಸರಿಗೆ ದೂರು ಹೋಗಿದೆಯೋ ಇಲ್ಲವೋ ಎಂದು ತಿಳಿಯುವುದು ಆ ಕಲಮಿನ ಉದ್ದೇಶವಂತೆ. ನನಗೆ ಆಮೇಲೆ ಗೊತ್ತಾಯಿತು.

"ಸದ್ಯದ ಸ್ಥಿತಿ ಏನೋ?" ಕೇಳಿದೆ.

"ಹೂತಾಯ್ತು."

"ಯಾವಾಗ?"

"ದಿದ್ದೆ."

"ಶಾಸ್ತ್ರವಾಗಿ?"

"ಹಿರಿಯರೆಲ್ಲ ಇದ್ರು. ದೀದೂ ಇದ್ಯಲ್ಲೋ, ಹದ್ದಿ ತಿದ್ದೆಯಲ್ಲ." ನೀನೂ ಇದ್ದೆಯಲ್ಲ, ಹಂದಿ ತಿಂದೆಯಲ್ಲ ಎಂದು ಓದಿಕೊಳ್ಳತಕ್ಕದ್ದು.

ನಾನು ಬರೆದೆ: 'ಮೂಗು. ಭಾನುವಾರ ವಿಧಿವತ್ತಾಗಿ ಹೂಳಲಾಗಿದೆ. ಹಿರಿಯರು ಹಾಜರಿದ್ದರು. ಭೋಜನವಾಯಿತು.' ಅಕ್ಷರ ದುಂಡಗೆ ಬಂತು ಅಂತ ಸಂತೋಷವೂ ಆಯಿತು.

ಬುಧವಾರದ ಹೊತ್ತಿಗೆ ಆ ಕಡತ ಕಪ್ಪು ಬೀರುವಿಗೆ, ಅಂದರೆ ಮರಣ ದಾಖಲೆಗಳ ಬೀರುವಿಗೆ, ಸೇರಿತ್ತು. ಉನೈಸಿ ಮೇಡಂ ನನ್ನನ್ನು ಕರೆಸಿದರು.

"ಸಕರಾಯಾ, ಇದು ಎಂಥಾ ಹೂಳೋದು ಅಂತ ನನಗೆ ಗೊತ್ತು. ನನ್ನ ತಮ್ಮ ಪಾದ್ರಿ ಮಗಳನ್ನ ಓಡಿಸ್ಕೊಂಡು ಬಂದಾಗ ನಾವೂ ಹೀಗೇ ಹೂತಿದ್ದು. ಆದ್ರೆ ಕಾಗದಕ್ಕೆ ಗೊತ್ತಿಲ್ವಲ್ಲ?"

"ಅಳಿಸಿಬಿಡೋಣ ಮೇಡಂ."

"ಮರಣದ ಪುಸ್ತಕದಲ್ಲಿ ಅಳಿಸಿದ್ರೆ ಸತ್ತವರನ್ನ ಎಬ್ಬಿಸಿದ ಹಾಗೆ. ಆ ಅಧಿಕಾರ ರಾಜಧಾನೀಲೂ ಇಲ್ಲ, ಅದಕ್ಕೂ ಮೇಲೆ ಹೋಗ್ಬೇಕು."

ಕಾರು ಕೈತಪ್ಪುವ ದುಃಖ ಅವರಿಗೂ ಇತ್ತು. ಆದರೆ ನಿಯಮ ಮುರಿದರೆ ಕಾರಿನ ಜೊತೆ ಹುದ್ದೆಯೂ ಹೋಗುತ್ತಿತ್ತು. ಕೊನೆಗೆ ಆಡಳಿತ ಒಂದು ಮಾನವೀಯ ನಿರ್ಣಯಕ್ಕೆ ಬಂತು: ಕಲಮಿನಲ್ಲಿ 'ಮೂಗು' ಎಂದಷ್ಟೇ ಇರುವುದರಿಂದ, ರೋಗಿ ಜೀವಂತ, ಮೂಗು ದಿವಂಗತ. ಇಸಿಕೇಲಿಯ ಹೆಂಡತಿ ಕೆಲೇರಾಳಿಗೆ ಒಂದು ಸಂತಾಪ ಪತ್ರ ಹೋಯಿತು. ಆಕೆ ಅದನ್ನು ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದಳು. ಸರ್ಕಾರದಿಂದ ಆ ಮನೆಗೆ ಬಂದ ಮೊದಲ ಕಾಗದ ಅದು.

ಒಂಬತ್ತನೇ ದಿನ ಶಸ್ತ್ರವೈದ್ಯ ಡಾಕ್ಟರ್ ಗುರ್‌ದಯಾಲ್ ಬಂದರು. ಮೂವತ್ತು ವರ್ಷ ದ್ವೀಪ ದ್ವೀಪ ಸುತ್ತಿ ಸಾಕಾಗಿದ್ದ ಮನುಷ್ಯ. ಪಟ್ಟಿಯಲ್ಲಿ ಹೆಸರಿಲ್ಲದ ಇಸಿಕೇಲಿಯನ್ನು ಕುರ್ಚಿಗೆ ಕೂರಿಸಿ, ಎರಡು ಬೆರಳಲ್ಲಿ ಮೂಗು ಹಿಡಿದು, "ಇನ್ನೂ ಅಲ್ಲಾಡ್ತಿದೆ. ಎರಡು ನಿಮಿಷದ ಕೆಲಸ. ಸಿಸ್ಟರ್, ಸಲಕರಣೆ ತಟ್ಟೆ ತನ್ನಿ," ಅಂದರು.

"ಪ್ರಕರಣದ ಸಂಖ್ಯೆ ಇಲ್ದೆ ತಟ್ಟೆ ತೆಗೆಯೋ ಹಾಗಿಲ್ಲ ಡಾಕ್ಟ್ರೇ," ಅಂದರು ಸಲೋತೆ, ನೆಲ ನೋಡುತ್ತ.

ಮೇಡಂ ಕಡತ ಹಿಡಿದು ಬಂದರು. "ಈ ಮೂಗು ಹೋದ ವಾರದ ಭಾನುವಾರ ತೀರಿಕೊಂಡಿದೆ."

"ಮುಖದ ಮೇಲೇ ಇದೆಯಲ್ಲ ಮೇಡಂ?"

"ಮುಖದ ಮೇಲೆ ಇದೆ. ದಾಖಲೆಯಲ್ಲಿ ಇಲ್ಲ."

"ಹಾಗಾದ್ರೆ ನಾನೀಗ ಹಿಡ್ಕೊಂಡಿರೋದು ಏನು?"

ಮೇಡಂ ಪುಸ್ತಕ ತಿರುವಿದರು. "ವಾರಸುದಾರರಿಲ್ಲದ ವಸ್ತು ಅಂತ ಬರ್ಕೊಬಹುದು."

ಹೀಗೆ ಚರ್ಚೆ ಸಾಗಿದ್ದಾಗ ನಾಲ್ಕು ಗಂಟೆಯ ಹಡಗು ಕೂಗಿತು. ಡಾಕ್ಟರು ಅದರಲ್ಲೇ ಹೋಗಬೇಕು. ಇಸಿಕೇಲಿಯೂ ಎದ್ದ, ಹಗ್ಗ ಬಿಚ್ಚಬೇಕಾದವನು ಅವನೇ. ಬಂದರುಕಟ್ಟೆಯಲ್ಲಿ ಪೆನಾಯಾ ಅವನ ಅಂಗಿ ಹಿಡಿದ. "ಲೇ ದಡ್ಡ ಭಾವ, ಬಿಚ್ಚಬೇಡ್ವೋ! ನೀನು ಬಿಚ್ಚದಿದ್ರೆ ಹಡಗು ಎಲ್ಲಿ ಹೋಗತ್ತೆ? ಡಾಕ್ಟ್ರು ಎಲ್ಲಿ ಹೋಗ್ತಾರೆ?"

"ಹಡಗಲ್ಲಿ ಹೆಗಸು ಇದಾರೆ, ಬಕ್ಕಳು ಇದಾರೆ," ಅಂದ ಇಸಿಕೇಲಿ, "ಅವರ ಬದೇಲಿ ಕಾಯ್ತಿರ್ತಾರೆ." ತನ್ನ ಮೂಗನ್ನು ನೇರ ಮಾಡಬೇಕಾಗಿದ್ದ ಎರಡು ಕೈಗಳನ್ನು ಹೊತ್ತ ಹಡಗಿನ ಹಗ್ಗವನ್ನು ತಾನೇ ಬಿಚ್ಚಿ ನೀರಿಗೆಸೆದ. ಆಮೇಲೆ ಹಗ್ಗದ ಗೂಟದ ಮೇಲೆ ಕುಳಿತು, ಅಪ್ಪ ಹಿಡಿಯುತ್ತಿದ್ದ ಸ್ವರವನ್ನು ಮೆಲ್ಲಗೆ ಹಿಡಿದು ನೋಡಿದ. ಬೆದ್, ಬೆದ್ ಅಂತು. ನನ್ನ ಅಕ್ಷರದ ದುಂಡು ನೆನಪಾಗಿ ನಾನು ಬೇರೆ ದಾರಿಯಿಂದ ಮನೆಗೆ ಹೋದೆ.

ಡಾಕ್ಟರ ಮುಂದಿನ ಭೇಟಿ ಎಂಟು ವಾರದ ಮೇಲೆ. ಅದಾದ ಹನ್ನೆರಡನೇ ದಿನ ಸ್ಪರ್ಧೆ.

ಮೇಡಂ ಕೈಕಟ್ಟಿ ಕೂರುವವರಲ್ಲ. ರಾಜಧಾನಿಗೆ ಬರೆದರು. ಐದು ವಾರಕ್ಕೆ ಉತ್ತರ ಬಂತು: 'ಹೂತದ್ದನ್ನು, ಹೂತವರೇ, ಹೂತ ಕ್ರಮದಲ್ಲಿಯೇ ಹೊರತೆಗೆದಲ್ಲಿ ಈ ಕಚೇರಿಯ ಅಭ್ಯಂತರವಿಲ್ಲ.'

ನೇತಾನಿ ಅಜ್ಜನಿಗೆ ಇದನ್ನು ಓದಿ ಹೇಳಿದೆ.

"ಒಪ್ಪಿಕೊಂಡ ಹಲ್ಲನ್ನ ನಮ್ಮ ಕುಲದಲ್ಲಿ ಯಾರೂ ಇವತ್ತಿಗೂ ವಾಪಸ್ ಕೊಟ್ಟಿಲ್ಲ ಸಕರಾಯಾ. ಕೊಟ್ರೆ ಯುದ್ಧ ಅಂತ ಅರ್ಥ."

"ಸರ್ಕಾರದ ಆದೇಶ ಅಜ್ಜ."

"ಹಾಗಾದ್ರೆ ಯುದ್ಧ ಮಾಡೋಣ. ಊಟ ಯಾರದು?"

ಚಾಪೆ ಹಾಸಿ ಹಲ್ಲನ್ನು ಹಿಂದಕ್ಕೆ ಕೊಟ್ಟೆವು. ಪೆನಾಯಾ ಅದನ್ನು ಎದೆಗವಚಿಕೊಂಡು ಗೊಳೋ ಎಂದು ಅತ್ತ. "ನಮಗೆ ಸಿಟ್ಟು ಬಂದಿದೆ," ಎಂದು ಅಜ್ಜ ಘೋಷಿಸಿ, ಸಿಟ್ಟು ಸರಿಯಾಗಿ ಕಾಣುತ್ತಿದೆಯೇ ಎಂದು ನನ್ನ ಕಡೆ ನೋಡಿದ. ಇನ್ನೂ ಸ್ವಲ್ಪ ಹುಬ್ಬು ಇಳಿಸಬೇಕೆಂದು ಸನ್ನೆ ಮಾಡಿದೆ. ಕಡತ ಕಪ್ಪು ಬೀರುವಿನಿಂದ ಹೊರಬಂತು. ಮೂಗು ಪುನರುಜ್ಜೀವನಗೊಂಡಿತು.

ಮೇಡಂ ಕಡತ ಓದಿ ಮೂಗು ಮುರಿದರು. ತಮ್ಮದನ್ನು, ಅಂದರೆ ಮುಖ ಸಿಂಡರಿಸಿದರು. "ಆರು ವಾರ ಆಯ್ತಲ್ಲ. ನಿಯಮ ನಲವತ್ತೊಂದು: ಹದಿನಾಲ್ಕು ದಿನ ಮೀರಿದ ಮುರಿತವನ್ನು ಮುರಿತವೆಂದು ಪರಿಗಣಿಸತಕ್ಕದ್ದಲ್ಲ. ಅದು ಮುಖಲಕ್ಷಣ."

"ಬುಖಲಕ್ಷಡ?" ಅಂದ ಇಸಿಕೇಲಿ.

"ಹೌದಪ್ಪ. ಈಗ ನೀನು ಹುಟ್ಟಿದ್ದೇ ಹೀಗೆ. ಚಿಕಿತ್ಸೆ ಬೇಕು ಅಂದ್ರೆ ಮುರಿತ ತಾಜಾ ಇರಬೇಕು." ಮೇಡಂ ಅವನ ಮುಖವನ್ನೇ ದಿಟ್ಟಿಸಿದರು. ಮೂಗಿಗೆ ತುಪ್ಪ ಸವರುವ ದನಿಯಲ್ಲಿ ಹೇಳಿದರು: "ಅದಕ್ಕೂ ಅವಕಾಶ ಇದೆ. ನಮೂನೆ ಇಪ್ಪತ್ತಾರು."

ನಮೂನೆ ಇಪ್ಪತ್ತಾರು ಎಂದರೆ ಮರುಮುರಿತ ದೃಢೀಕರಣ ಪತ್ರ. ಮುರಿಯುವವರ ಹೆಸರು, ಮುರಿಸಿಕೊಳ್ಳುವವರಿಗೆ ಸಂಬಂಧ, ಬಳಸಿದ ಅಂಗ, ಎಡ ಅಥವಾ ಬಲ, ಹವಾಮಾನ. ಮೊದಲು ಮುರಿದವನೇ ಮುರಿಯಬೇಕು, ಇಲ್ಲವಾದರೆ ಹೊಸ ಪ್ರಕರಣವಾಗುತ್ತದೆ. ಒಪ್ಪದೆ ಬೇರೆ ದಾರಿ ಇರಲಿಲ್ಲ. ಮೊಸೇಸೆ ಆಗಲೇ ನೆಮಾನಿಗೆ ಅಭ್ಯಾಸ ಶುರುಮಾಡಿಸಿದ್ದ. ಚರ್ಚಿನ ಪಾರಿವಾಳಗಳು ಜಾಗ ಬದಲಿಸಿದ್ದವು.

ಡಾಕ್ಟರು ಬರುವುದಕ್ಕೆ ಏಳು ದಿನ ಮುಂಚೆ, ಅಂದರೆ ಪ್ರಕಟಣೆಯ ಅವಧಿಯೊಳಗೆ, ಸಂಜೆ ನಾಲ್ಕಕ್ಕೆ ರಗ್ಬಿ ಮೈದಾನದಲ್ಲಿ ಸೇರಿದೆವು. ಸಾಕ್ಷಿಯಾಗಿ ನಾನು ನಮೂನೆ ಹಿಡಿದು, ಮಂಜುಗಡ್ಡೆ ಹಿಡಿದು ಸಲೋತೆ, ಕಾರಿನ ಕಿಟಕಿ ಇಳಿಸಿಕೊಂಡು ಮೇಡಂ. ಗಾಯನ ತಂಡವಿಡೀ ಬೇಲಿಗೆ ಒರಗಿ ನಿಂತಿತ್ತು. ಹವಾಮಾನ: ತಿಳಿಬಿಸಿಲು.

"ಹೊಡಿಯೋ," ಅಂದ ಇಸಿಕೇಲಿ.

"ಸಿಟ್ಟೇ ಬರ್ತಿಲ್ಲ ಭಾವ. ಬೈಯಿ ನನ್ನ."

"ದೋಡಿ ತಳದ ಪಾಚಿ! ಕೊಳೆತ ಬೀದು!"

ಪೆನಾಯಾ ಹೊಟ್ಟೆ ಹಿಡಿದು ನಕ್ಕ. "'ಬೀದು' ಅಂತೆ! ಇನ್ನೊಂದ್ಸಲ ಬೈಯೋ."

"ದಿದ್ದ ಅಪ್ಪದೂ ಹದ್ದಿ, ದೀದೂ ಹದ್ದಿ!"

"ನನ್ನ ಬಂಗಾರ ಭಾವ!" ಎಂದು ಪೆನಾಯಾ ಅವನನ್ನು ತಬ್ಬಿಕೊಂಡ. ಅರ್ಧ ಗಂಟೆ ಹೀಗೇ ಹೋಯಿತು. ಬೈದಷ್ಟೂ ಪ್ರೀತಿ ಹೆಚ್ಚಿತು. ಕಚೇರಿ ಐದಕ್ಕೆ ಮುಚ್ಚುತ್ತದೆ. ಮೇಡಂ ಗಡಿಯಾರ ನೋಡಿದರು. ಆಗ ನಾನು ಇಸಿಕೇಲಿಯ ಕಿವಿಯಲ್ಲಿ ಒಂದು ಮಾತು ಹೇಳಿದೆ. ಈ ಉಪಾಯ ನನ್ನದು ಎನ್ನುವುದು ಸುಳ್ಳಲ್ಲ. ಬೇಕಾದರೆ ಸಲೋತೆಯನ್ನು ಕೇಳು, ಅವರು ಇಲ್ಲ ಅನ್ನುತ್ತಾರೆ.

ಇಸಿಕೇಲಿ ಬೆಳ್ಳಗಾದ. "ಬೇಡ ಸಕರಾಯಾ. ಅಷ್ಟು ಕೆಟ್ಟ ಬಾತು ದಾದು ಆಡಲ್ಲ."

"ಬೆಂಚಿನ ತುದಿ ನೆನಪು ಮಾಡ್ಕೊ."

ಅವನು ಕಣ್ಣು ಮುಚ್ಚಿದ. ಕೈ ಜೋಡಿಸಿದ. "ಬಾದ್ಯ ಪೆದಾಯಾ ಅವರೇ," ಅಂದ, "ತಬಗೆ ತೊದ್ದರೆ ಕೊಟ್ಟಿದ್ದಕ್ಕೆ ಕ್ಷಬೆ ಇರಲಿ."

ಬೇಲಿಯ ಹತ್ತಿರ ಯಾರೋ ಹೆಂಗಸು ಮೂಗಿನ ಮೇಲೆ ಬೆರಳಿಟ್ಟಳು.

"ಏನಂದೆ?" ಅಂದ ಪೆನಾಯಾ.

"ತಾವು ದಯವಿಟ್ಟು ತಬ್ಬ ಬೊಡಕೈಯದ್ದು..."

"ತಾವಾ?" ಪೆನಾಯಾ ಅವನ ಮುಖಕ್ಕೇ ಮುಖ ತಂದ. "ನಲವತ್ತು ವರ್ಷದಿಂದ ನನ್ನ ಹಂದಿ ಅನ್ನೋದು ಬಿಟ್ಟು ಬೇರೆ ಹೆಸರಲ್ಲಿ ಕರೆದಿದ್ದಿಲ್ಲ ನೀನು! ನಿನ್ನ ಮದುವೇಲಿ ನಿನ್ನ ಪಂಚೆ ಕದ್ದವನು ನಾನು! ನಾನು ನಿನಗೆ ಅಷ್ಟು ಹೊರಗಿನವನಾಗಿಬಿಟ್ನಾ? ಹೋಗೋ, ಹೋಗು!" ಎಂದು ಕಣ್ಣೀರು ಒರೆಸಿಕೊಳ್ಳಲು ಬಲಗೈ ಎತ್ತಿ ಬೀಸಿದ. ಮೊಣಕೈ ಹೋಗಿ ತಾಗಿತು.

ಟಕ್.

"ಅಮ್ಮಾ!" ಅಂದ ಇಸಿಕೇಲಿ.

ಆ ಮಾತಿನಲ್ಲಿ ಎರಡು ಮಕಾರಗಳಿದ್ದವು. ಎರಡೂ ಎಲ್ಲರಿಗೂ ಕೇಳಿಸಿದವು. ರಕ್ತ ಬಂತು, ಅದನ್ನು ಕಲಂ ಒಂಬತ್ತರಲ್ಲಿ ನಮೂದಿಸಿದೆ. ಸಲೋತೆ ಒರೆಸಿ ನೋಡಿದರೆ ಎಡಕ್ಕಿದ್ದ ಮೂಗು ಸ್ವಸ್ಥಾನಕ್ಕೆ ಬಂದು ಕೂತಿದೆ, ಮದುವೆಯ ಫೋಟೋದಲ್ಲಿ ಇದ್ದಂತೆಯೇ.

ಮೊಸೇಸೆ ಬೇಲಿ ಹಾರಿ ಬಂದ. "ಅನ್ನು!"

"ಆಮೆನ್," ಅಂದ ಇಸಿಕೇಲಿ. ಬೇಲಿಯ ಗೂಟಗಳು ನಡುಗಿದವು.

ಮೇಡಂ ಮಾತ್ರ ಕಾರಿನಿಂದಿಳಿದು ತಲೆ ಮೇಲೆ ಕೈ ಹೊತ್ತರು. "ಮುರೀರೋ ಅಂದ್ರೆ ನೇರ ಮಾಡಿದ್ದೀರಲ್ರೋ! ಇನ್ನು ಡಾಕ್ಟ್ರು ಬಂದು ಏನು ಮಾಡ್ಬೇಕು?" ಮರುದಿನವೇ ನೋಟಿಸು ಹೊರಟಿತು: 'ತಮ್ಮ ಮೂಗು ಅನುಮತಿಯಿಲ್ಲದೆ ನೇರಗೊಂಡಿರುವುದು ಗಮನಕ್ಕೆ ಬಂದಿದ್ದು, ಅದನ್ನು ಶಸ್ತ್ರವೈದ್ಯರ ಆಗಮನದೊಳಗೆ ಯಥಾಸ್ಥಿತಿಗೆ ತರತಕ್ಕದ್ದು.' ಯಾರೂ ಯಥಾಸ್ಥಿತಿಗೆ ತರದಂತೆ ಇಸಿಕೇಲಿ ಒಂದು ವಾರ ಮುಖಕ್ಕೆ ತೆಂಗಿನ ಚಿಪ್ಪು ಕಟ್ಟಿಕೊಂಡು ಹಗ್ಗ ಎಳೆದ. ಪೆನಾಯಾ ಅವನೊಂದಿಗೆ ಮಾತು ಬಿಟ್ಟ. ಮೂಗು ನೆಟ್ಟಗಾಗಿತ್ತು, ನಂಟು ಸೊಟ್ಟಗಾಗಿತ್ತು.

ಡಾಕ್ಟರು ಬಂದರು. ಚಿಪ್ಪು ಬಿಚ್ಚಿಸಿ, ಈ ಹೊಳ್ಳೆ ಮುಚ್ಚಿ ಆ ಹೊಳ್ಳೆಯಲ್ಲಿ ಉಸಿರೆಳೆಸಿ ನೋಡಿದರು. ಉನೈಸಿ ಮೇಡಂ ಒಂದು ಮರದ ಸುತ್ತಿಗೆಯನ್ನು ಕಡತದ ಅಡಿಯಲ್ಲಿ ಇಟ್ಟುಕೊಂಡು ನಿಂತಿದ್ದರು. ಡಾಕ್ಟರು ಎಲ್ಲ ಕೇಳಿಸಿಕೊಂಡು, ಪೆನ್ನು ತೆಗೆದು, ವರದಿಯಲ್ಲಿ ಹೀಗೆ ಬರೆದರು:

"ರೋಗಿಯ ಮೂಗು ಪೆನಾಯಾ ಎಂಬುವರ ಬಲ ಮೊಣಕೈಯಿಂದ, ನನ್ನ ಮೂವತ್ತು ವರ್ಷಗಳ ಅನುಭವವನ್ನೂ ಮೀರಿಸುವಂತೆ ನೇರಗೊಂಡಿದೆ. ಇಂಥ ಉಪಕರಣ ಈ ಆಸ್ಪತ್ರೆಯಲ್ಲಿರುವುದು ದೇಶದ ಭಾಗ್ಯ."

ಅದು ವ್ಯಂಗ್ಯ. ಆದರೆ ನಮ್ಮ ನಮೂನೆಯಲ್ಲಿ ವ್ಯಂಗ್ಯಕ್ಕೆ ಕಲಂ ಇಲ್ಲ. ಮೇಡಂ ಅದನ್ನು ಎರಡು ಸಲ ಓದಿದರು, ಸುತ್ತಿಗೆಯನ್ನು ನನಗೆ ಕೊಟ್ಟರು, ವರದಿಯನ್ನು ಅದೇ ಹಡಗಿಗೆ ಹಾಕಿದರು. ವಾರದೊಳಗೆ ರಾಜಧಾನಿಯಿಂದ ಅಭಿನಂದನೆ ಬಂತು. ಕೆಳಗೆ ಒಂದು ಆಕ್ಷೇಪಣೆ: 'ಸದರಿ ಉಪಕರಣವು ತಮ್ಮ ದಾಸ್ತಾನು ಪುಸ್ತಕದಲ್ಲಿ ಕಂಡುಬಂದಿಲ್ಲ.'

ನಾನೇ ಬರೆದೆ. 'ಮೊಣಕೈ, ಬಲ, ಒಂದು. ಸ್ಥಿತಿ ಉತ್ತಮ. ತುಕ್ಕು ಇಲ್ಲ.'

ದಾಸ್ತಾನಿನ ವಸ್ತು ಆಸ್ಪತ್ರೆಯ ಆವರಣ ಬಿಡುವಂತಿಲ್ಲ. ಹಾಗಾಗಿ ಪೆನಾಯಾ ಈಗ ಬೆಳಿಗ್ಗೆ ಎಂಟರಿಂದ ನಾಲ್ಕರವರೆಗೆ ಉಗ್ರಾಣದಲ್ಲಿ, ಬಕೆಟ್ಟುಗಳಿಗೂ ಊರುಗೋಲುಗಳಿಗೂ ನಡುವೆ ಕೂರುತ್ತಾನೆ. ಮನೆಗೆ ಹೋಗುವಾಗ ಮೊಣಕೈಗೆ ಗೇಟ್ ಪಾಸ್ ಪಡೆಯುತ್ತಾನೆ. ಮಿಕ್ಕ ಮೈಗೆ ಬೇಕಿಲ್ಲ. ಕಾರು ಉಳಿಯಿತು.

ಗಾಯನ ಸ್ಪರ್ಧೆಯ ಹಿಂದಿನ ದಿನ ಇಸಿಕೇಲಿ ತಿಮಿಂಗಿಲದ ಹಲ್ಲು ಹಿಡಿದು ಪೆನಾಯಾನ ಚಾಪೆಯ ಮೇಲೆ ಕುಳಿತ. ಹಲ್ಲು ಪೆನಾಯಾನ ಬಳಿಯೇ ಇತ್ತಲ್ಲ, ಅವನಿಂದಲೇ ಎರವಲು ತಂದದ್ದು. ಮೂಗು ಮುರಿಯುವುದು ನಮ್ಮಲ್ಲಿ ದೊಡ್ಡ ತಪ್ಪಲ್ಲ, 'ತಾವು' ಅಂದದ್ದು ದೊಡ್ಡ ತಪ್ಪು.

"ತಗೊಳ್ಳೋ ಹಂದಿ," ಅಂದ ಇಸಿಕೇಲಿ, ಅನುಸ್ವಾರ ಸಮೇತ.

ಪೆನಾಯಾ ತೆಗೆದುಕೊಂಡ. ಅತ್ತ. "ಹೂತಾಯ್ತು," ಅಂದ ನೇತಾನಿ ಅಜ್ಜ. ನಾನು ಪೆನ್ನನ್ನು ಜೇಬಿನ ತಳಕ್ಕೆ ತಳ್ಳಿದೆ.

ಸ್ಪರ್ಧೆಯಲ್ಲಿ ಇಸಿಕೇಲಿ ಆಮೆನ್ ಅನ್ನು ಎಂಟು ಎಣಿಕೆಗೆ ಹಿಡಿಯಬೇಕಿತ್ತು. ಹತ್ತೊಂಬತ್ತಕ್ಕೂ ಬಿಡಲಿಲ್ಲ. ತೀರ್ಪುಗಾರರು ಗಂಟೆ ಬಾರಿಸಿದರು. ಗಂಟೆ ಯಾರಿಗೂ ಕೇಳಿಸಲಿಲ್ಲ. ಸಮಯ ಮೀರಿದ್ದಕ್ಕೆ ಅಂಕ ಕಳೆದು ನಮಗೆ ಎರಡನೇ ಸ್ಥಾನ ಕೊಟ್ಟರು. ಕೆಲೇರಾ ಮಾತ್ರ ಆ ದನಿ ಮಾವನದೇ ಎಂದು ಕಣ್ಣೊರೆಸಿಕೊಂಡಳು. ಮೊದಲ ಸಾಲಿನಲ್ಲಿ ಪೆನಾಯಾ ಕುಳಿತಿದ್ದ, ಭಾನುವಾರ ಸಂಜೆ ಆರರವರೆಗಿನ ಗೇಟ್ ಪಾಸ್ ಜೇಬಿನಲ್ಲಿ.

ಆಮೇಲೆ ರಾಜಧಾನಿಯಿಂದ ಉಪನಿರ್ದೇಶಕ ವಿಲಿಕೆಸಾ ಅವರು ಉಪಕರಣ ಪರಿಶೀಲನೆಗೆ ಬಂದರು. ಅಷ್ಟರಲ್ಲಿ ಪೆನಾಯಾ ಐದು ಮೂಗು ನೇರ ಮಾಡಿದ್ದ. ಕ್ರಮ ಇಷ್ಟೇ: ರೋಗಿ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿ, ಕೈಮುಗಿದು, 'ತಾವು' ಎನ್ನಬೇಕು. ಮಿಕ್ಕದ್ದು ತಾನಾಗಿ ಆಗುತ್ತದೆ. ಈಗ ಭಾವನೇ ಆಗಬೇಕೆಂದಿಲ್ಲ, ಕೈಗೆ ಅಭ್ಯಾಸವಾಗಿದೆ. ಇದನ್ನು ಉಪನಿರ್ದೇಶಕರಿಗೆ ಯಾರೂ ಹೇಳಿರಲಿಲ್ಲ. ಹೇಳಬೇಕಾದವನು ನಾನು; ಮರೆತೆ ಅಂತಲೇ ಇಟ್ಟುಕೋ. ಅವರು ಹಾರ ಹಿಡಿದು, "ಮಾನ್ಯ ಪೆನಾಯಾ ಅವರೇ, ತಾವು ಈ ದೇಶದ..." ಎಂದರು. ಸಲೋತೆ ಕಣ್ಣು ಮುಚ್ಚಿಕೊಂಡರು.

ಅವರ ಪರಿಶೀಲನಾ ವರದಿಯನ್ನು ನಾನೇ, ಅವರು ಹೇಳಿದಂತೆಯೇ, ಒಂದಕ್ಷರ ತಿದ್ದದೆ ಬರೆದುಕೊಂಡೆ: 'ಉಪಕರಡ ತೃಪ್ತಿಕರವಾಗಿ ಕೆಲಸ ಬಾಡುತ್ತಿದೆ.' ಅವರ ಮೂಗು ಬಲಕ್ಕೆ ತಿರುಗಿರುವುದರಿಂದ ಅದಕ್ಕೆ ಎಡ ಮೊಣಕೈ ಬೇಕು. ಖರೀದಿ ಪ್ರಸ್ತಾವಕ್ಕೆ ಅವರೇ ಸಹಿ ಹಾಕಿ ಹೋಗಿದ್ದಾರೆ. ಮೂರು ಕೊಟೇಶನ್ ಕೇಳಿದ್ದೇವೆ. ಮೂರೂ ಪೆನಾಯಾನೇ ಕೊಟ್ಟಿದ್ದಾನೆ.

ಈಗ ನಮ್ಮೂರಲ್ಲಿ ಎಲ್ಲ ಸರಿಯಾಗಿದೆ. ರಗ್ಬಿಯವರು ಮನಸ್ಸು ಬಂದ ದಿನ ಮೂಗು ಮುರಿದುಕೊಳ್ಳುತ್ತಾರೆ. ಪಾದ್ರಿಗಳನ್ನೂ ಮೇಷ್ಟ್ರನ್ನೂ ಜನ 'ಏ' ಎಂದೇ ಕರೆಯುತ್ತಾರೆ. ಯಾರ ಬಾಯಲ್ಲಾದರೂ ಮರ್ಯಾದೆಯ ಮಾತು ಬಂದರೆ ಸುತ್ತ ಇದ್ದವರೆಲ್ಲ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಳ್ಳುತ್ತಾರೆ.

ಸರಿ, ಚಹಾ ಮುಗಿಯಿತು, ನನ್ನ ಕಾರಿಗೂ ಹೊತ್ತಾಯಿತು. ಮಾನ್ಯರೇ, ತಾವು ದಯಮಾಡಿ ಈ ಬಡವನ ಚಹಾದ ಹಣವನ್ನೂ ಕೊಟ್ಟುಬಿಡುವಿರಾ?

ಅರೆ, ಮೂಗು ಯಾಕೋ ಮುಚ್ಕೊಂಡೆ? ಒಂದು ಕೈಯಲ್ಲಿ ಮುಚ್ಕೊ ಸಾಕು. ಇನ್ನೊಂದು ಕೈ ಜೇಬಿಗೆ ಹೋಗಲಿ.